ಶಟ್‌ಡೌನ್ ಮಾಮನ ಹಾರ್ಡ್‌ಡಿಸ್ಕು

ನಮ್ಮ ಬೀದಿಯ ಕಂಪ್ಯೂಟರ್ ರಿಪೇರಿಯವರನ್ನು ಎಲ್ಲರೂ ಕರೆಯುವುದು ಶಟ್‌ಡೌನ್ ಮಾಮ ಎಂದೇ. ಯಂತ್ರ ತಂದವರಿಗೆಲ್ಲ ಅವರದು ಒಂದೇ ಬುದ್ಧಿಮಾತು: "ಕಂಪ್ಯೂಟರ್ ಮಲಗಿಸಿಟ್ಟು ಡಿಸ್ಕು ಕೀಳ್ಬೇಡ್ರಪ್ಪಾ. ಪೂರ್ತಿ ಶಟ್‌ಡೌನ್ ಮಾಡಿ, ದೀಪ ಆರೋವರೆಗೂ ಕಾಯಿರಿ." ಮೂವತ್ತು ವರ್ಷ ದೇವರ ಮಾತು ಹೇಳುತ್ತ ಬಂದ ನನಗಿಂತ ಅವರ ಮಾತೇ ಹೆಚ್ಚು ಜನರಿಗೆ ನಾಟಿತ್ತೆಂದು ಸಂತೋಷದಿಂದಲೇ ಒಪ್ಪುತ್ತೇನೆ.

ಅವರ ಪತ್ನಿಗೆ ಗಂಟಲಲ್ಲಿ ಗಡ್ಡೆ ಕಾಣಿಸಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯದೆ ಗತ್ಯಂತರವಿಲ್ಲವೆಂದರು ವೈದ್ಯರು. ಮಗಳು ಆಗ ಐದು ತಿಂಗಳ ಬಸುರಿ. ಹುಟ್ಟುವ ಕೂಸಿಗೆ ಅಜ್ಜಿಯ ದನಿಯಾದರೂ ಉಳಿಯಲೆಂದು ಮಾಮ ಅಂಗಡಿಯ ಹಿಂಬದಿಯಲ್ಲಿ, ಬಿಚ್ಚಿಟ್ಟ ಕೀಬೋರ್ಡುಗಳ ನಡುವೆ, ಮೈಕು ಜೋಡಿಸಿದರು. ಹದಿನೆಂಟು ದಿನ ಆಕೆ ಕಥೆ ಹೇಳಿದರು, ಲಾಲಿ ಹಾಡಿದರು, ಗಂಡಿಗೊಂದು ಹೆಣ್ಣಿಗೊಂದು ಹೆಸರು ಆರಿಸಿ ಕೂಗಿಟ್ಟರು. ಎಲ್ಲವೂ ಅಂಗೈಯಗಲದ ಒಂದೇ ಹಾರ್ಡ್‌ಡಿಸ್ಕಿನಲ್ಲಿ.

"ರೀ, ನಿಮ್ಮನ್ನ ಬೈಯೋದೂ ಒಂದು ಫೈಲು ಮಾಡಿಟ್ಕೊಳ್ಳಿ. ಆಮೇಲೆ ಮನೆ ಬಿಕೋ ಅನ್ಸತ್ತೆ."

"ಅದಕ್ಕೆ ಇಷ್ಟು ಸಣ್ಣ ಡಿಸ್ಕು ಸಾಲಲ್ಲ ಕಣೇ!"

ಹತ್ತೊಂಬತ್ತನೆಯ ಬೆಳಗ್ಗೆ ಆಸ್ಪತ್ರೆಯಿಂದ ಕರೆ ಬಂತು: ಆಪರೇಷನ್ ಈ ದಿನವೇ, ಕೂಡಲೇ ಬನ್ನಿ. ಗಿರಾಕಿಯೊಬ್ಬರ ವಿಡಿಯೊ ಅದೇ ಡಿಸ್ಕಿಗೆ ನಕಲಾಗುತ್ತಿತ್ತು. ಅರ್ಧಕ್ಕೆ ಬಿಡಲು ಮನಸ್ಸಾಗದೆ ಮಾಮ ಕಂಪ್ಯೂಟರನ್ನು ಹೈಬರ್ನೇಟ್‌ಗೆ ಹಾಕಿ, ಅಂದರೆ ಕೆಲಸ ನಿಂತಲ್ಲೇ ನೆನಪಿಟ್ಟುಕೊಳ್ಳುವಂತೆ, ಮಲಗಿಸಿದರು. ಡಿಸ್ಕನ್ನು ಕಿತ್ತು ಜೇಬಿಗಿಳಿಸಿ ಓಡಿದರು. ವಾರ್ಡಿನಲ್ಲಿ ಅದನ್ನು ಮಗಳ ಲ್ಯಾಪ್‌ಟಾಪಿಗೆ ಸಿಕ್ಕಿಸಿದರು. ಸ್ಟ್ರೆಚರ್ ಬರುವವರೆಗೂ ಪತ್ನಿ ಅದಕ್ಕೆ ಕೊನೆಯ ಮಾತುಗಳನ್ನು ಹೇಳಿದರು. ಹೊರಗೆ ಕಾಯುತ್ತ ಕುಳಿತ ಐದು ಗಂಟೆಗಳಲ್ಲಿ ಮಾಮ ಒಂದೊಂದು ಫೈಲಿನಲ್ಲೂ ನಡುನಡುವೆ ಸೇರಿದ್ದ ಆಕೆಯ ಕೆಮ್ಮನ್ನು ಕತ್ತರಿಸಿ, ಹೊಸದಾಗಿ ಬರೆದಿಟ್ಟು, ಹಳೆಯದನ್ನು ಅಳಿಸಿದರು; ಹಾಗೆ ತೆರವಾದ ಜಾಗದಲ್ಲೇ ಮುಂದಿನ ಫೈಲು ಕೂತಿತು. ಬೇರೆಲ್ಲೂ ನಕಲಿರಲಿಲ್ಲ.

ಮರುದಿನ ಅಂಗಡಿಗೆ ಬಂದು, ಡಿಸ್ಕು ಸಿಕ್ಕಿಸಿ, ಕಂಪ್ಯೂಟರನ್ನು ಎಬ್ಬಿಸಿದರು.

ಹಾಗೆ ಮಲಗಿದ ಯಂತ್ರ ಎದ್ದಾಗ, ಮಲಗುವ ಮುನ್ನ ತಾನು ಕಂಡ ಲೋಕವನ್ನೇ ನಂಬುತ್ತದೆ. ನಡುವೆ ಡಿಸ್ಕು ಬೇರೊಂದು ಕೈಗೆ ಹೋಗಿ ಬಂದದ್ದನ್ನು ಅದು ಅರಿಯದು. ಯಾವ ಫೈಲು ಎಲ್ಲಿದೆಯೆಂಬ ತನ್ನ ಹಳೆಯ ಪಟ್ಟಿಯನ್ನು ಹೊಸ ಪಟ್ಟಿಯ ಮೇಲೆ ಬರೆಯಿತು. ಖಾಲಿಯೆಂದು ತಿಳಿದ ಜಾಗದಲ್ಲಿ, ಆಕೆಯ ದನಿಯ ಮೇಲೆ, ಉಳಿದರ್ಧ ವಿಡಿಯೊವನ್ನು ಸುರಿಯಿತು. ಮಾಮನಿಗೆ ಇದು ಹೊಳೆಯುವಷ್ಟರಲ್ಲಿ ನಕಲು ಮುಗಿದಿತ್ತು.

ನಾಲ್ಕು ದಿನ ಅವರು ಊಟ ಬಿಟ್ಟು ಹೆಣಗಿದರು. ಫೈಲುಗಳ ಹೆಸರು ಸಾಲಾಗಿ ಮೂಡಿದವು. ತೆರೆದರೆ ಬರೀ ಕರಕರ ಸದ್ದು.

"ಅಪ್ಪಾ, ಅಮ್ಮ ಹೆಸರು ಕೂಗಿದ್ದಾದ್ರೂ ಸಿಕ್ತಾ?"

"ಇಲ್ಲಮ್ಮಾ."

"ಒಂದೂ?"

ಮಾಮ ಎದ್ದು ನೇರವಾಗಿ ವಾರ್ಡಿಗೆ ನಡೆದು, ಪತ್ನಿಯ ಮುಂದೆ ಎಲ್ಲವನ್ನೂ ಒಪ್ಪಿಕೊಂಡರು. ಆಕೆ ಸ್ಲೇಟಿನ ಮೇಲೆ ಬರೆದರು: "ಊರಿಗೆಲ್ಲ ಹೇಳ್ತಿದ್ದವರು ನೀವೇ ಅಲ್ವಾ?" ಅದನ್ನು ಒರೆಸಿ, ಗೋಡೆಯತ್ತ ಹೊರಳಿದರು.

ನಾನು ಪ್ರಾರ್ಥನೆಗೆಂದು ಹೋದವನು ಆ ಮಂಚದ ಬಳಿ ನಿಂತೆ. ಎಲ್ಲವನ್ನೂ ನೆನಪಿಡುವ ದೇವರು ಆ ದನಿಯನ್ನೂ ಕಾದಿಟ್ಟಿರುವನೆಂಬುದು ನನ್ನ ದೃಢ ನಂಬಿಕೆ. ಆದರೆ ಅಂದು ಅದನ್ನು ಮಾಮನಿಗೆ ಹೇಳುವ ಧೈರ್ಯ ನನಗಾಗಲಿಲ್ಲ.

ಹೆಣ್ಣುಮಗು ಹುಟ್ಟಿತು. ಅಜ್ಜಿ ಎರಡು ಬಾರಿ ಚಪ್ಪಾಳೆ ತಟ್ಟಿದರೆ ಅದು ತನ್ನನ್ನೇ ಕರೆದರೆಂದು ನಗುತ್ತ ಅಂಬೆಗಾಲಿಟ್ಟು ಬರುತ್ತದೆ. ಮನೆಮಂದಿಯೆಲ್ಲ ನಗುತ್ತಾರೆ. ಮಾಮ ಮಾತ್ರ ಆ ಚಪ್ಪಾಳೆಗೆ ಇಂದಿಗೂ ತಲೆಯೆತ್ತುವುದಿಲ್ಲ.