ದೋಣಿಮಲೈನಲ್ಲಿ ಸಿಕ್ಕ ಪರದೆ

ಮೂರು ವರ್ಷಗಳ ಹಿಂದಿನ ಮಾರ್ಚ್ ತಿಂಗಳು. ಹೊಸಪೇಟೆ ಬಸ್ ನಿಲ್ದಾಣದ ಹತ್ತಿರದ ಲ್ಯಾಪ್‌ಟಾಪ್ ರಿಪೇರಿ ಅಂಗಡಿಯಲ್ಲಿ ನಾನು ಹಿರಿಯ ಟೆಕ್ನಿಷಿಯನ್ ಆಗಿದ್ದೆ. ಈ ಕೆಲಸಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು. ಒಂದು ಬುಧವಾರ ಬೆಳಿಗ್ಗೆ ಕಂಪ್ಲಿಯಿಂದ ಶಿವಲೀಲಾ ಎಂಬ ಶಿಕ್ಷಕಿ ಬಂದರು. ಕಿವಿ ಕೇಳದ ಆರು ಮಕ್ಕಳಿಗೆ ಅವರು ದಿನಾ ಸಂಜೆ ವಿಡಿಯೊ ಕಾಲ್‌ನಲ್ಲಿ ಸಂಜ್ಞೆಯ ಮೂಲಕ ಪಾಠ ಹೇಳುತ್ತಿದ್ದರು. ಬಸ್ಸಿನಲ್ಲಿ ಯಾರದೋ ಚೀಲ ಬಿದ್ದು ಅವರ ಲ್ಯಾಪ್‌ಟಾಪ್ ಪರದೆ ಒಡೆದಿತ್ತು. ಟಿವಿಗೆ ಜೋಡಿಸುವ ಪೋರ್ಟ್ ಮೊದಲೇ ಕೆಟ್ಟಿತ್ತು.

“ದನಿ ಬರ್ತದಲ್ಲ ಟೀಚರ್, ಒಳಗೇನೂ ಆಗಿಲ್ಲ” ಎಂದೆ.

“ದನಿ ತಗೊಂಡು ನಾ ಏನ್ ಮಾಡ್ಲಿ ಅಕ್ಕಾ? ಅವ್ರ ಕೈ ಕಾಣ್ಬೇಕು ನನಗ. ಫೋನಿನ್ಯಾಗ ಆರು ಮಂದಿ ಬೆರಳು ಕಾಣಂಗಿಲ್ಲ. ಸೋಮವಾರ ಹತ್ತನೇ ಕ್ಲಾಸಿನ ಗಣಿತ ಪರೀಕ್ಷೆ. ವಡ್ಡು ಊರಿನ ಹುಡುಗಿ ಒಮ್ಮೆ ಫೇಲಾಗ್ಯಾಳ. ಈ ಸಲಾನೂ ಹೋತಂದ್ರ ಮನ್ಯಾಗ ಓದು ಬಿಡಿಸ್ತಾರ.”

ಸಂಜೆಯೊಳಗೆ ಕೊಡುವೆನೆಂದು ಮಾತು ಕೊಟ್ಟುಬಿಟ್ಟೆ. ಅಂಗಡಿಯಲ್ಲಿ ಬೇರೆ ಮಾಡೆಲ್‌ನ ಪರದೆಯೊಂದಿತ್ತು. ಅಳತೆ ಅದೇ 15.6 ಇಂಚು, ಕನೆಕ್ಟರ್‌ಗೆ ಅದೇ ಮೂವತ್ತು ಪಿನ್. ಬ್ಯಾಟರಿ ಕಳಚಿ ಜೋಡಿಸಿದೆ. ಬೆಳಕೇ ಬರಲಿಲ್ಲ. ಎರಡು ಸಲ ಬಿಚ್ಚಿ ಹಾಕಿದ ಮೇಲೆ ಕಾರಣ ಹೊಳೆಯಿತು: ಹಳೆಯದು ಎಚ್‌ಡಿ, ನಾನು ಹಾಕಿದ್ದು ಫುಲ್ ಎಚ್‌ಡಿ. ಹೆಚ್ಚು ಚುಕ್ಕೆಗಳ ಚಿತ್ರ ಸಾಗಿಸಲು ಕೇಬಲ್‌ನಲ್ಲಿ ಎರಡು ಜೋಡಿ ತಂತಿ ಬೇಕು. ಈ ಕೇಬಲ್‌ನಲ್ಲಿದ್ದದ್ದು ಒಂದೇ ಜೋಡಿ. ಬೆಂಗಳೂರಿನಿಂದ ಸರಿಯಾದ ಪರದೆ ಬರಲು ಮಂಗಳವಾರವಾಗುತ್ತಿತ್ತು.

ಶಿವಲೀಲಾ ಅವರಿಗೆ ಫೋನ್ ಮಾಡಿ ತಪ್ಪು ಒಪ್ಪಿಕೊಂಡೆ.

“ನಾಳಿ ಬರ್ಲೇನು?” ಎಂದು ಕೇಳಿದರು.

“ಬ್ಯಾಡ್ರಿ. ನಾನೇ ತರ್ತೀನಿ.”

ಗುರುವಾರ ಒಡೆದ ಪರದೆಯ ಬೆನ್ನಿನ ಲೇಬಲ್ ಓದಿದೆ. ಲ್ಯಾಪ್‌ಟಾಪ್ ಕಂಪನಿಗಳು ಪರದೆಗಳನ್ನು ಹೊರಗಿನಿಂದ ಕೊಳ್ಳುತ್ತವೆ. ಒಂದೇ ನಂಬರಿನ ಪರದೆ ಹಲವು ಮಾಡೆಲ್‌ಗಳಲ್ಲಿ ಇರುತ್ತದೆ. ಆ ನಂಬರ್ ಹಿಡಿದು ರಿಪೇರಿ ವಿವರ ಬರೆದಿಡುವ ಅಂಗಡಿಯ ಹಳೆಯ ಜಾಬ್ ಕಾರ್ಡ್‌ಗಳನ್ನೆಲ್ಲ ತಿರುವಿ ಹಾಕಿದೆ. ದೋಣಿಮಲೈ ಗಣಿ ಕ್ವಾರ್ಟರ್ಸಿನ ವೀರಭದ್ರಪ್ಪನವರ ಲ್ಯಾಪ್‌ಟಾಪಿನ ಕಾರ್ಡ್ ಸಿಕ್ಕಿತು. ಚಹಾ ಚೆಲ್ಲಿ ಆ ಲ್ಯಾಪ್‌ಟಾಪಿನ ಮದರ್‌ಬೋರ್ಡ್ ಸುಟ್ಟಿತ್ತು, ಪರದೆ ಚೆನ್ನಾಗಿತ್ತು.

ಶುಕ್ರವಾರ ಶಿವಲೀಲಾ ಅವರ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ದೋಣಿಮಲೈ ಬಸ್ ಹತ್ತಿದೆ.

“ಅವ್ರದು ಬ್ಯಾರೆ ಕಂಪನಿ, ನಂದು ಬ್ಯಾರೆ. ಹೆಂಗ ಕುಂದರತದವ್ವಾ?” ವೀರಭದ್ರಪ್ಪನವರಿಗೆ ನಂಬಿಕೆ ಇರಲಿಲ್ಲ.

“ಹಚ್ಚಿ ನೋಡೇ ಬಿಡೋಣ್ರಿ.”

ಅವರ ಊಟದ ಮೇಜಿನ ಮೇಲೆಯೇ ಅವರ ಲ್ಯಾಪ್‌ಟಾಪ್ ಪರದೆಯ ಚೌಕಟ್ಟು ಬಿಚ್ಚಿದೆ. ನಂಬರಿನ ಕೊನೆಯ ಅಕ್ಷರವೊಂದು ಬೇರೆ, ಕಾರ್ಡಿನಲ್ಲಿ ಅದನ್ನು ಬರೆದಿರಲಿಲ್ಲ! ಆದರೂ ಶಿವಲೀಲಾ ಅವರ ಲ್ಯಾಪ್‌ಟಾಪಿನ ಕೇಬಲ್ ಅದಕ್ಕೆ ಸಿಕ್ಕಿಸಿ ಪವರ್ ಬಟನ್ ಒತ್ತಿದೆ. ಪರದೆ ಬೆಳಗಿತು. ನಾಲ್ಕು ಸ್ಕ್ರೂಗಳಲ್ಲಿ ಮೂರು ಮಾತ್ರ ಕೂತವು; ನಾಲ್ಕನೆಯ ಕಡೆ ಟೇಪ್ ಹಚ್ಚಿದೆ.

“ತಗೊಂಡ್ ಹೋಗವ್ವಾ, ಕಪಾಟಿನ್ಯಾಗ ಸುಮ್ನ ಬಿದ್ದಿತ್ತು” ಎಂದರು ಅವರು.

ಅಲ್ಲಿಂದ ನೇರ ಕಂಪ್ಲಿಗೆ ಹೋದೆ. ಸಂಜೆ ಐದಕ್ಕೆ ಆರು ಮಕ್ಕಳೂ ಪರದೆಯ ಮೇಲೆ ಬಂದರು. ವಡ್ಡಿನ ಹುಡುಗಿ ಲೆಕ್ಕವೊಂದನ್ನು ಬೆರಳಲ್ಲಿ ಬಿಡಿಸುತ್ತಾ ಒಂದು ಹಂತದಲ್ಲಿ ತಪ್ಪಿದಳು. ಶಿವಲೀಲಾ ಥಟ್ಟನೆ ಕೈಯೆತ್ತಿ ತಡೆದು ತಿದ್ದಿದರು. ಹುಡುಗಿ ಮತ್ತೆ ಮೊದಲಿನಿಂದ ಮಾಡಿದಳು. ಆ ವರ್ಷ ಗಣಿತದಲ್ಲಿ ಅವಳು ಪಾಸಾದಳು.

ಪರದೆ ಹೊಂದುತ್ತದೆಯೇ ಎಂದು ಕೇಳಿದವರಿಗೆ ಈಗ ನಾನು ಮುಚ್ಚಳದ ಮೇಲಿನ ಹೆಸರು ನೋಡಿ ಉತ್ತರಿಸುವುದಿಲ್ಲ. ಬಿಚ್ಚುತ್ತೇನೆ, ಓದುತ್ತೇನೆ, ಹಚ್ಚಿ ನೋಡುತ್ತೇನೆ. ಮಾತು ಕೊಡುವುದು ಆಮೇಲೆ.