ಕುತ್ತಿಗೆಯಲ್ಲಿರೋದನ್ನೆಲ್ಲ ತೆಗೀರಿ

ಗುಳುಕ್. ತುಂಬಿದ ಹಂಡೆಯೊಳಗೆ ಚೊಂಬು ಅದ್ದಿದಾಗ ಆಗುತ್ತದಲ್ಲ, ಆ ಶಬ್ದ. ಆ ವರ್ಷ ಕುಣಿಗಲ್‌ನಲ್ಲಿ ಅಕ್ಕ ಕಾಫಿ ಕುಡಿಯುವಾಗ ಪ್ರತಿ ಗುಟುಕಿಗೂ ಅದು ಬರುತ್ತಿತ್ತು. ಎದುರಿಗೆ ಕೂತವರಿಗೆ ಕೇಳುತ್ತಿತ್ತು, ಅವರಿಗೆ ಮಾತ್ರ ಕೇಳುತ್ತಿರಲಿಲ್ಲ. ಲೋಟದ ತಪ್ಪಿರಬೇಕು ಅಂತ ಮಗಳು ಹೊಸ ಲೋಟ ತಂದಳು. ಹೊಸ ಲೋಟದಲ್ಲೂ ಗುಳುಕ್ ಅಂತು.

ಅಕ್ಕ ಅಂದರೆ ನನ್ನ ಒಡಹುಟ್ಟಿದವರಲ್ಲ, ವಾರಗಿತ್ತಿ. ನಮ್ಮ ಯಜಮಾನರ ಅಣ್ಣನ ಹೆಂಡತಿ. ಗುಬ್ಬಿಯ ಒಂದೇ ಮನೆಗೆ ಎರಡು ವರ್ಷದ ಅಂತರದಲ್ಲಿ ಸೊಸೆಯರಾಗಿ ಬಂದವರು ನಾವು. ಅವರು ಊರ್ಡಿಗೆರೆ ಕಡೆಯ ಹಳ್ಳಿಯವರು, ನಾನು ತುಮಕೂರಿನ ಕಾನ್ವೆಂಟಿನವಳು. ನಾನು ಬಂದ ಮೊದಲ ವಾರವೇ ಅತ್ತೆ ಕೆಲಸ ಹಂಚಿಬಿಟ್ಟರು: ಅಕ್ಕನಿಗೆ ಅಡುಗೆಮನೆ, ನನಗೆ ಇಂಗ್ಲಿಷ್. ಗೊಬ್ಬರದ ಚೀಲವಿರಲಿ, ಕೋರ್ಟ್ ನೋಟೀಸಿರಲಿ, ಇಂಗ್ಲಿಷಿನಲ್ಲಿ ಏನೇ ಇದ್ದರೂ ತಂದು ನನ್ನ ಮೂಗಿನ ಮುಂದೆ ಹಿಡಿಯುತ್ತಿದ್ದರು. ಮನೆ ಪಾಲಾಯಿತು, ನಾವು ತುಮಕೂರಿಗೆ ಬಂದೆವು, ಗಂಡ ಹೋದ ಮೇಲೆ ಅಕ್ಕ ಕುಣಿಗಲ್‌ನಲ್ಲಿದ್ದ ಮಗಳ ಮನೆ ಸೇರಿದರು. ಕೆಲಸದ ಹಂಚಿಕೆ ಮಾತ್ರ ಹಾಗೇ ಉಳಿಯಿತು. ಕಡೆಕಡೆಗೆ ನನ್ನ ಮುಂದೆ ಬರುತ್ತಿದ್ದದ್ದು ಬ್ಲಡ್ ರಿಪೋರ್ಟು.

ಥೈರಾಯ್ಡ್ ವಿಷಯದಲ್ಲಿ ಇಡೀ ಮನೆತನಕ್ಕೆ ನಾನೇ ಸೀನಿಯರ್. ನನಗೆ ಕೂದಲು ಉದುರಿದಾಗ ವಯಸ್ಸು ಅಂದರು. ಕೂತಲ್ಲೇ ತೂಕಡಿಸಿದಾಗಲೂ ವಯಸ್ಸು ಅಂದರು. ಎಲ್ಲರೂ ಫ್ಯಾನಿನ ಕೆಳಗೆ ಬೆವರುವಾಗ ನಾನು ಸ್ವೆಟರ್ ಹಾಕಿಕೊಂಡು ಕೂತರೆ, ಕಾನ್ವೆಂಟಿನವರು ಹಾಗೇ ಅಂದರು. ಕೊನೆಗೆ ನಾನೇ ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ಬಂದೆ. ರಿಪೋರ್ಟ್ ನೋಡಿದ ಡಾಕ್ಟರು, ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ, ಆಮೇಲೆ ಒಂದು ಗಂಟೆ ಕಾಫಿ ಇಲ್ಲ, ಲೈಫ್‌ಲಾಂಗ್ ಅಂದರು. ನನ್ನ ವಯಸ್ಸಿನಲ್ಲಿ ಲೈಫ್‌ಲಾಂಗ್ ಅನ್ನುವುದು ಅಂಥ ದೊಡ್ಡ ಕಮಿಟ್‌ಮೆಂಟ್ ಏನಲ್ಲ. ಕಾಫಿಯ ಒಂದು ಗಂಟೆ ದೊಡ್ಡದು.

ಆದ್ದರಿಂದ ಅಕ್ಕನ ಗುಳುಕ್ ಕೇಳಿದ ದಿನವೇ ನಾನು ಅವರ ಕುತ್ತಿಗೆ ನೋಡಿದೆ. ಗಂಟಲಿಗೆ ಅಂಟಿದ ಹಾಗೆ ಒಂದು ರುದ್ರಾಕ್ಷಿ ದಾರ ಕಟ್ಟಿಕೊಳ್ಳುತ್ತಿದ್ದರು. ಅದರ ಕೆಳಗೆ, ಎಡಗಡೆ, ನಿಂಬೆಹಣ್ಣಿನಷ್ಟು ಊದಿತ್ತು.

"ಅಕ್ಕ, ಇದು ಯಾವಾಗಿಂದ?"

"ಯಾವ್ದು?"

"ಈ ಗಂಟು."

"ಗಂಟೂ ಇಲ್ಲ ಗಿಂಟೂ ಇಲ್ಲ ಕಣೇ. ದಾರ ನೀರು ಬಿದ್ದು ಬಿದ್ದು ಗಿಡ್ಡ ಆಗೈತೆ. ಅದು ಬಿಗಿದು ಊದ್ಕಂಡೈತೆ, ಅಷ್ಟೇಯ."

ದಾರ ಬಿಗಿಯಾದಾಗಲೆಲ್ಲ ಬಿಚ್ಚಿಸಿ ಒಂದು ಮಣಿ ಸೇರಿಸಿ ಕಟ್ಟಿಸುತ್ತಿದ್ದರಂತೆ. ಎರಡು ವರ್ಷದಲ್ಲಿ ನಾಲ್ಕು ಮಣಿ ಆಗಿತ್ತು. ಗಂಟಿನ ಬೆಳವಣಿಗೆಗೆ ಇಷ್ಟು ಕರೆಕ್ಟಾದ ರೆಕಾರ್ಡ್ ಯಾವ ಆಸ್ಪತ್ರೆಯಲ್ಲೂ ಸಿಗಲಾರದು.

ಸ್ಕ್ಯಾನಿಂಗಿಗೆ ಅಂತ ತುಮಕೂರಿಗೆ ಕರೆದುಕೊಂಡು ಬಂದೆ. ಒಳಗೆ ತಣ್ಣಗೆ, ಕತ್ತಲೆ. ಮೆಷಿನ್ ಮುಂದೆ ಕೂತಿದ್ದ ಹುಡುಗಿ ತಲೆ ಎತ್ತದೆ, "ಕುತ್ತಿಗೆಯಲ್ಲಿರೋದನ್ನೆಲ್ಲ ತೆಗೀರಿ ಅಜ್ಜಿ" ಅಂದಳು.

ಅಕ್ಕ ರುದ್ರಾಕ್ಷಿ ಬಿಚ್ಚಿ ನನ್ನ ಕೈಗೆ ಕೊಟ್ಟರು. ಸರ ಕೊಟ್ಟರು. ಮಲಗಿದರು.

"ಅದೂ ತೆಗೀರಿ."

ಅದು ಅಂದರೆ ಶಿವದಾರ. ಅದರ ತುದಿಗೆ ಎದೆಯ ಮೇಲೆ ಬೆಳ್ಳಿಯ ಕರಡಿಗೆ, ಕರಡಿಗೆಯೊಳಗೆ ಇಷ್ಟಲಿಂಗ.

"ಇದನ್ನ ತೆಗೆಯಕ್ಕಿಲ್ಲ ಕಣವ್ವ. ಎಂಟು ವರ್ಸದೋಳಿದ್ದಾಗ ಕಟ್ಟಿದ್ದು. ಅವತ್ತಿಂದ ಮೈಮೇಲಿಂದ ಇಳಿಸಿಲ್ಲ."

"ಐದು ನಿಮಿಷ ಅಜ್ಜಿ. ಜೆಲ್ ಹಚ್ಬೇಕು, ದಾರಕ್ಕೆಲ್ಲ ಮೆತ್ಕೊಳ್ಳುತ್ತೆ."

"ಮೂರು ಹೆತ್ತೀನಿ, ಆವಾಗ್ಲೂ ಇಳಿಸಿಲ್ಲ. ನಿನ್ನ ಜೆಲ್ಲಿಗೆ ಇಳಿಸ್ಲಾ?"

ಅಕ್ಕ ಎದ್ದು ಸೆರಗು ಸರಿಮಾಡಿಕೊಂಡು ಹೊರಗೆ ಹೋದರು. ನಾನು ಆ ಹುಡುಗಿಗೆ ಇಂಗ್ಲಿಷಿನಲ್ಲಿ ಸಾರಿ ಹೇಳಿದೆ. ಇಂಥ ಹೊತ್ತಿಗೆ ಇಂಗ್ಲಿಷ್ ಬಹಳ ಅನುಕೂಲ. ಸಂಜೆ ಬಸ್ಸಿಗೇ ಅಕ್ಕ ಕುಣಿಗಲ್‌ಗೆ ವಾಪಸ್ಸು.

ಎರಡು ತಿಂಗಳು ಯಾರ ಮಾತೂ ನಡೆಯಲಿಲ್ಲ. ಐದನೇ ಮಣಿ ಸೇರಿತು. ಆಗ ಮಗಳು ಉಪಾಯ ಮಾಡಿ, ಯಡಿಯೂರಿನ ಹತ್ತಿರ ಒಬ್ಬ ಅಯ್ಯನವರಿದ್ದಾರೆ, ಅವರು ಬೇಡ ಅಂದರೆ ಬೇಡ ಅಂತ ಒಪ್ಪಿಸಿದಳು. ನಾನೂ ಜೊತೆಗೆ ಹೋದೆ. ಅಯ್ಯನವರು ಜಗಲಿಯ ಮೇಲೆ ಕೂತು ಪೂರ್ತಿ ಕೇಳಿಸಿಕೊಂಡರು.

"ರಟ್ಟೆಗೆ ಕಟ್ಕೊಳವ್ವ. ಲಿಂಗ ಮೈಮೇಲಿದ್ರಾಯ್ತು. ನಾನು ಸ್ಕ್ಯಾನಿಂಗ್ ಮಾಡಿಸ್ದಾಗ ಹಂಗೇ ಮಾಡ್ಕಂಡಿದ್ದು."

"ತಮಗೂ ಐತಾ ಬುದ್ಧಿ?"

"ಐತೆ. ಥೈರಾಯ್ಡಿಗೆ ದಿನಾ ನೂರರ ಮಾತ್ರೆ." ಅಯ್ಯನವರು ನನ್ನ ಕಡೆ ತಿರುಗಿದರು. "ನಿಮ್ದೆಷ್ಟು ತಾಯಿ?"

"ಎಪ್ಪತ್ತೈದರದ್ದು, ಬುದ್ಧಿ."

"ಪರವಾಗಿಲ್ಲ" ಅಂದರು.

ಹೀಗೆ ರಟ್ಟೆಗೆ ಲಿಂಗ ಕಟ್ಟಿಕೊಂಡು ಸ್ಕ್ಯಾನಿಂಗ್ ಆಯಿತು, ಸೂಜಿ ಚುಚ್ಚಿ ಗಂಟಿನೊಳಗಿನದನ್ನು ತೆಗೆದು ಟೆಸ್ಟೂ ಆಯಿತು. ರಿಪೋರ್ಟ್ ನನ್ನ ಮುಂದೆ ಬಂತು. ಕ್ಯಾನ್ಸರ್ ಅಂತಲೂ ಬರೆದಿರಲಿಲ್ಲ, ಅಲ್ಲ ಅಂತಲೂ ಬರೆದಿರಲಿಲ್ಲ. ತೆಗೆದು ನೋಡಿದರೇ ಗೊತ್ತಾಗುವುದು, ಥೈರಾಯ್ಡ್ ಪೂರ್ತಿ ತೆಗೆಯಬೇಕು ಅಂದರು ಸರ್ಜನ್. ಜೊತೆಗೆ, ಆಪರೇಷನ್ ಥಿಯೇಟರಿನಲ್ಲಿ ಮೈಮೇಲೆ ಎಲ್ಲೂ ಲೋಹವಾಗಲಿ ದಾರವಾಗಲಿ ಇರುವ ಹಾಗಿಲ್ಲ, ರಟ್ಟೆಯ ಮೇಲೂ ಇಲ್ಲ ಅಂದರು.

ಅಕ್ಕ ಆಪರೇಷನ್ನಿಗೆ ಹೆದರಲಿಲ್ಲ. ಕುತ್ತಿಗೆ ಕೊಯ್ಯುತ್ತಾರೆ ಅಂದರೂ ಹೆದರಲಿಲ್ಲ. ಹಿಂದಿನ ದಿನ ಸಂಜೆ ವಾರ್ಡಿನಲ್ಲಿ ನನ್ನನ್ನು ಮಾತ್ರ ಹತ್ತಿರ ಕೂರಿಸಿಕೊಂಡು ಹೇಳಿದರು:

"ಸಾಯಕ್ಕೇನು, ವಯಸ್ಸಾಗೈತೆ. ಆದ್ರೆ ಮತ್ತು ಕೊಟ್ಟಿರ್ತಾರೆ, ಟೇಬಲ್ ಮ್ಯಾಲೇ ಹೋಗ್ಬುಟ್ರೆ? ಲಿಂಗ ಇಲ್ದೆ ಹೋದಂಗಾಗ್ತದಲ್ಲೇ. ಅರವತ್ತೈದು ವರ್ಸ ಮೈಮ್ಯಾಲಿದ್ದದ್ದು, ಹೋಗೋ ಹೊತ್ನಾಗ ಇಲ್ಲ ಅಂದ್ರೆ?"

ಏನೂ ಆಗಲ್ಲ ಅಕ್ಕ ಅಂದೆ. ಅದು ಉತ್ತರವಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಬೆಳಗ್ಗೆ ನರ್ಸ್ ಒಂದು ಟ್ರೇ ಹಿಡಿದು ಬಂದಳು. ಬಳೆ, ಓಲೆ, ಹೇರ್‌ಪಿನ್ನು, ಕಟ್ಟಿಸಿಕೊಂಡ ಹಲ್ಲು. ಮೂಗುಬೊಟ್ಟು ಬರಲಿಲ್ಲ, ಸೋಪು ಹಚ್ಚಿ ತೆಗೆದರು. ಎಲ್ಲವನ್ನೂ ಅಕ್ಕ ಮಗಳ ಕೈಗೆ ಹಾಕಿದರು. ಕರಡಿಗೆ ಮಾತ್ರ ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದರು.

"ನಂಗೇ ಕೊಡಮ್ಮ" ಅಂದಳು ಮಗಳು.

"ನಿಂಗೆಲ್ಲಿ ಲಿಂಗ ಐತೆ? ಲಿಂಗ ಇಲ್ದೋರ ಕೈಗೆ ಲಿಂಗ ಕೊಡ್ತಾರಾ?"

"ನೀನೇ ದೀಕ್ಷೆ ಮಾಡಿಸ್ಲಿಲ್ಲ. ಎಸ್ಸೆಸ್ಸೆಲ್ಸಿ ಮುಗೀಲಿ ಅಂದೆ."

ಅಕ್ಕ ನನ್ನ ಕಡೆ ನೋಡಿದರು. "ನಿಂದೈತಲ್ಲ?"

ನನ್ನದು ಇತ್ತು. ತುಮಕೂರಿನ ಮನೆಯ ಗಾಡ್ರೆಜ್ ಬೀರುವಿನ ಲಾಕರಿನಲ್ಲಿ, ಹಳೇ ಬಳೆಗಳ ಜೊತೆ. ನನಗೂ ಚಿಕ್ಕವಳಿದ್ದಾಗಲೇ ಕಟ್ಟಿದ್ದರು. ಕಾನ್ವೆಂಟಿನಲ್ಲಿ ಪಿ.ಟಿ. ಪೀರಿಯಡ್ಡಿಗೆ ತೆಗೆದಿಡುತ್ತಿದ್ದೆ, ಆಮೇಲೆ ಪಿ.ಟಿ. ಇಲ್ಲದಾಗಲೂ ತೆಗೆದಿಟ್ಟೆ. ಗುಬ್ಬಿಯಲ್ಲಿ ಅತ್ತೆಯ ಎದುರಿಗೆ ಹಾಕಿಕೊಂಡಿದ್ದೆ. ತುಮಕೂರಿಗೆ ಬಂದ ಮೇಲೆ ಬೀರು ಬಂತು, ಬೀರುವಿಗೆ ಲಾಕರ್ ಇತ್ತು.

ಕಾನ್ವೆಂಟಿನಲ್ಲಿ ನಮಗೆ ಮಾರಲ್ ಸೈನ್ಸ್ ಅಂತ ಒಂದು ಸಬ್ಜೆಕ್ಟ್. ಪ್ರತಿ ವರ್ಷ ಪ್ರೈಜ್ ನನಗೇ. ಸುಳ್ಳಿನಲ್ಲಿ ಸಣ್ಣದು ದೊಡ್ಡದು ಅಂತ ಇಲ್ಲ ಎಂದು ಸಿಸ್ಟರ್ ಹೇಳಿಕೊಟ್ಟಿದ್ದರು. ಹೊರಗೆ ಸ್ಟ್ರೆಚರ್ ಬಂದು ನಿಂತಿತ್ತು. ನಾನು ಇಲ್ಲ ಅಂದಿದ್ದರೆ ಅಕ್ಕ ಎದ್ದು, ಸೆರಗು ಸರಿಮಾಡಿಕೊಂಡು, ಸೀದಾ ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದರು.

"ಇದೆ ಅಕ್ಕ" ಅಂದೆ. ಎದೆಯ ಮೇಲೆ ಕೈ ಇಟ್ಟು ತೋರಿಸಿದೆ ಕೂಡ. ಅಲ್ಲಿ ರವಿಕೆಯೊಳಗೆ ಇದ್ದದ್ದು ಮೊಬೈಲು.

"ನೆಲದ ಮ್ಯಾಲೆ ಇಡ್ಬೇಡ. ಪರ್ಸಿಗೆ ಹಾಕ್ಬೇಡ. ಕೈಯಾಗೇ ಇರ್ಲಿ. ಏನಾರ ಆದ್ರೆ, ಮುಖಕ್ಕೆ ಬಟ್ಟೆ ಮುಚ್ಚೋಕ್ಮುಂಚೆ ಬಂದು ನನ್ನ ಎಡಗೈಯಾಗಿಡು."

"ಇಡ್ತೀನಿ."

"ಡಾಕ್ಟ್ರು ಬಿಡಲ್ಲ ಅಂದ್ರೆ?"

"ಇಂಗ್ಲಿಷಲ್ಲಿ ಹೇಳ್ತೀನಿ."

ಅದಕ್ಕೆ ಒಪ್ಪಿದರು.

ಮೂರೂವರೆ ಗಂಟೆ ಕರಡಿಗೆಯನ್ನು ಅಂಗೈಯಲ್ಲಿ ಹಿಡಿದು ಬೆಂಚಿನ ಮೇಲೆ ಕೂತಿದ್ದೆ. ಮಗಳು ತಂದ ಇಡ್ಲಿಯನ್ನು ಒಂದೇ ಕೈಯಲ್ಲಿ ತಿಂದೆ. ಬಾತ್‌ರೂಮಿಗೆ ಹೋಗಬೇಕಾಗಿತ್ತು, ಹೋಗಲಿಲ್ಲ. ಒಳಗಿನಿಂದ ಯಾರು ಹೊರಗೆ ಬಂದರೂ ಎದ್ದು ನಿಲ್ಲುತ್ತಿದ್ದೆ. ಪ್ರಾರ್ಥನೆ ಮಾಡೋಣ ಅನ್ನಿಸಿತು. ನನ್ನಂಥವಳ ಕೈಯಲ್ಲಿರುವಾಗ ಅದು ಕೇಳಿಸಿಕೊಳ್ಳುತ್ತದೋ ಇಲ್ಲವೋ ಗೊತ್ತಾಗದೆ ಸುಮ್ಮನಾದೆ.

ಅಕ್ಕ ಹೊರಗೆ ಬಂದಾಗ ಕುತ್ತಿಗೆಯ ಸುತ್ತ ಬ್ಯಾಂಡೇಜು, ಕಣ್ಣು ಮುಚ್ಚಿತ್ತು. ಎಡಗೈ ಮಾತ್ರ ಬಿಚ್ಚಿಕೊಂಡಿತ್ತು. ಕರಡಿಗೆ ಇಟ್ಟೆ. ಬೆರಳು ಮುಚ್ಚಿಕೊಂಡವು.

ಹತ್ತು ದಿನಕ್ಕೆ ಬಯಾಪ್ಸಿ ರಿಪೋರ್ಟ್ ಬಂತು. ಕ್ಯಾನ್ಸರ್ ಇರಲಿಲ್ಲ. ಓದಿ ಹೇಳಿದೆ. "ಹಂಗಾದ್ರೆ ಸುಮ್ನೆ ಕೊಯ್ಸಿದ್ಯಲ್ಲೇ" ಅಂದರು, ಒಡೆದ ದನಿಯಲ್ಲಿ. ಒಂದು ತಿಂಗಳಲ್ಲಿ ದನಿ ಸರಿಹೋಯಿತು. ಮಾತ್ರೆ ಶುರುವಾಯಿತು: ಲಿಂಗಪೂಜೆಗೆ ಮುಂಚೆ ತೊಟ್ಟು ನೀರೂ ಒಳಗೆ ಹೋಗುವ ಹಾಗಿಲ್ಲ, ಮಾತ್ರೆ ಆದ ಮೇಲೆ ಒಂದು ಗಂಟೆ ಕಾಫಿ ಇಲ್ಲ. ನಾಲ್ಕಕ್ಕೇ ಎದ್ದು ಪೂಜೆ ಮುಗಿಸಲು ಶುರುಮಾಡಿದರು.

ನಾನೂ ಆಸ್ಪತ್ರೆಯಿಂದ ಬಂದ ದಿನವೇ ಲಾಕರ್ ತೆಗೆದೆ. ಶಿವದಾರ ಲಡ್ಡಾಗಿತ್ತು, ಹಿಡಿದೊಡನೆ ತುಂಡಾಯಿತು. ಹೊಸದು ತಂದು ಕಟ್ಟಿಕೊಂಡೆ. ಎಂಟು ದಿನ ಇತ್ತು. ಒಂಬತ್ತನೇ ದಿನ ಸ್ನಾನಕ್ಕೆ ಬಿಚ್ಚಿಟ್ಟವಳು ಮರೆತೆ. ಮರೆತೆ ಅಂತ ನೆನಪಾದದ್ದು ಸಂಜೆ.

ಅಷ್ಟಕ್ಕೇ ಮುಗಿದಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲವೇನೋ. ಆದರೆ ಅಕ್ಕ ಹೋದ ಮದುವೆ, ನಾಮಕರಣಗಳಲ್ಲೆಲ್ಲ ಕುತ್ತಿಗೆಯ ಗೆರೆ ತೋರಿಸಿ, "ನನ್ನ ಲಿಂಗ ಕಾದೋಳು ಇವ್ಳೇಯ. ಓದಿದ್ರೂ ನೇಮ ಬಿಟ್ಟಿಲ್ಲ" ಅಂತ ನನ್ನನ್ನು ಮುಂದಕ್ಕೆ ತಳ್ಳುತ್ತಿದ್ದರು. ಗುಬ್ಬಿಯ ಒಂದು ಮದುವೆಯಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ಬಂದು ನನ್ನ ಕಾಲಿಗೆ ಬಿದ್ದಳು. ಏಳು ತಾಯಿ ಅಂದೆ. ಬೇರೆ ಏನು ಅನ್ನುವುದು?

ನಾಲ್ಕು ವರ್ಷ ಹೀಗೆ ನಡೆಯಿತು. ಕಳೆದ ವರ್ಷ ಒಂದು ರಾತ್ರಿ ಕುಣಿಗಲ್‌ಗೆ ಹೋಗಿ ಉಳಿದುಕೊಂಡು, ಬೆಳಗ್ಗೆ ಇಬ್ಬರೂ ಮಾತ್ರೆ ನುಂಗಿ ಕಾಫಿಗೆ ಕಾಯುತ್ತಾ ಕೂತಿದ್ದಾಗ ಹೇಳಿದೆ.

"ಅಕ್ಕ, ಅವತ್ತು ಆಸ್ಪತ್ರೇಲಿ ನನ್ನ ಮೈಮೇಲೆ ಲಿಂಗ ಇರ್ಲಿಲ್ಲ."

ಅಕ್ಕ ಗಡಿಯಾರ ನೋಡಿದರು. ಕಾಫಿಗೆ ಇನ್ನೂ ನಲವತ್ತು ನಿಮಿಷವಿತ್ತು.

"ಎಲ್ಲಿತ್ತು?"

"ಬೀರುನಲ್ಲಿ."

"ಎಷ್ಟು ದಿನದಿಂದ?"

"ತುಮಕೂರಿಗೆ ಬಂದಾಗಿಂದ."

ಮೂವತ್ತೈದು ವರ್ಷ ಅಂತ ಅವರೇ ಲೆಕ್ಕ ಹಾಕಿಕೊಂಡರು. ಅಂಗಳದಲ್ಲಿ ಮಗಳು ಕಸ ಗುಡಿಸುತ್ತಿದ್ದಳು. ಅವಳು ಪೊರಕೆ ಇಟ್ಟು ಹಿತ್ತಲಿಗೆ ಹೋದ ಮೇಲೆ ಅಕ್ಕ ಕೇಳಿದರು:

"ಅವತ್ತು ಸ್ನಾನನಾರ ಮಾಡಿದ್ಯಾ?"

"ಮಾಡಿದ್ದೆ."

"ಹೇಳಿದ್ರೆ ನಾನು ಎದ್ದು ಹೋಗಿರ್ತಿದ್ದೆ."

"ಅದಕ್ಕೇ ಹೇಳ್ಲಿಲ್ಲ."

"ಹೂಂ" ಅಂದರು. "ಹಾಕ್ಕೊ ಅಂತ ಹೇಳಕ್ಕಿಲ್ಲ, ಮುದುಕಿ ನೀನು, ನಿಂಗೇನು ಹೇಳೋದು. ಆದ್ರೆ ಹಾಕ್ಕಂಡೀನಿ ಅಂತ ಇನ್ನೊಂದ್ಸಲ ಯಾರ್ಗೂ ಹೇಳ್ಬೇಡ."

"ಇಲ್ಲ ಅಕ್ಕ."

"ನಾನೂ ಹೇಳಕ್ಕಿಲ್ಲ ಬುಡು, ಮದುವೆ ಮನೇಲಿ."

ಗಂಟೆಯಾದಾಗ ಕಾಫಿ ಅವರೇ ಮಾಡಿದರು. ನನ್ನ ಲೋಟಕ್ಕೆ ಸಕ್ಕರೆ ಹಾಕಿರಲಿಲ್ಲ. ಬೇಕೆಂದೇ ಬಿಟ್ಟದ್ದೋ, ಮರೆತದ್ದೋ, ನಾನು ಕೇಳಲಿಲ್ಲ.

ಅದಾಗಿ ಐದು ತಿಂಗಳಿಗೆ ಅಕ್ಕ ಹೋದರು, ಹಾರ್ಟಿನಿಂದ. ಥೈರಾಯ್ಡಿಗೂ ಅದಕ್ಕೂ ಸಂಬಂಧವಿರಲಿಲ್ಲ. ಮನೆಯಲ್ಲೇ, ಪೂಜೆಗೆ ಕೂತ ಮಣೆಯ ಮೇಲೇ, ಲಿಂಗ ಕೈಯಲ್ಲೇ ಇತ್ತು ಅಂತ ಮಗಳು ಫೋನಿನಲ್ಲಿ ಹೇಳಿದಳು. ಆಗ ನನ್ನ ಕಾಲಿಗೆ ಪ್ಲಾಸ್ಟರ್ ಹಾಕಿದ್ದರು, ಹೋಗಲಾಗಲಿಲ್ಲ. ಹಾಗಾಗಿ ನಾನು ಅವರನ್ನು ಕೊನೆಯ ಸಲ ನೋಡಿದ್ದು ಆ ಸಕ್ಕರೆಯಿಲ್ಲದ ಕಾಫಿಯ ದಿನವೇ ಮಧ್ಯಾಹ್ನ, ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ. ಬೇಡ ಅಂದರೂ ನನ್ನ ಬ್ಯಾಗ್ ಹಿಡಿದುಕೊಂಡು ಬಂದಿದ್ದರು. ತುಮಕೂರಿನ ಬಸ್ಸು ಬಾಗಿಲವರೆಗೂ ಹೆಂಗಸರಿಂದ ತುಂಬಿತ್ತು. ನಾನು ಹೇಗೋ ಹತ್ತಿದೆ. ಅಕ್ಕ ಕೆಳಗಿನಿಂದಲೇ ಕಂಡಕ್ಟರನ ತೋಳು ಹಿಡಿದರು.

"ಏನಪ್ಪಾ, ಇವ್ರಿಗೊಂದು ಸೀಟ್ ಕೊಡಿಸು. ಥೈರಾಯ್ಡ್ ಐತೆ."

"ಬಸ್ಸಲ್ಲಿ ಎಲ್ರಿಗೂ ಐತೆ ಬುಡಮ್ಮ" ಅಂದ ಕಂಡಕ್ಟರ್, ಸೀಟಿ ಊದಿದ.

ಅಕ್ಕ ಅವನನ್ನು ಬೈಯುತ್ತಾ ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಬಂದರು. ನನ್ನ ಮುಂದಿದ್ದವರ ತಲೆಗಳ ಸಂದಿಯಲ್ಲಿ ಅವರ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಆಮೇಲೆ ಯಾರೋ ಕಿಟಕಿಯ ಗಾಜು ಎಳೆದುಕೊಂಡರು.