ಬಾಗಿಲಲ್ಲೇ ಕುಳಿತ ಚಂದ್ರ

ತೆರೆದದ್ದನ್ನು ಮುಚ್ಚದೆ ನಝೀಹಾಳಿಗೆ ನಿದ್ದೆ ಬಾರದು. ಹರೀಸಾ ಎಂಬ ಮೆಣಸಿನ ಚಟ್ನಿಯ ಭರಣಿ, ಬಾಲ್ಕನಿಯ ಕದ, ಅತ್ತೆಯ ಕನ್ನಡಕದ ಡಬ್ಬಿ, ಎಲ್ಲವನ್ನೂ ಅವಳೇ ಒಮ್ಮೆ ಒತ್ತಿ ನೋಡಬೇಕು. ಸ್ಫಾಕ್ಸ್ ಪಟ್ಟಣದ ಪುಟ್ಟ ಕಚೇರಿಯೊಂದರಲ್ಲಿ ಅಂಗಡಿಗಳ ವೆಬ್ ಪುಟ ತಯಾರಿಸುವ ಅವಳಿಗೆ ಈ ಗೀಳೇ ಅನ್ನ ಕೊಟ್ಟಿತ್ತು.

ಮಾಲೀಕ ಲಮ್ಜೆದ್, ಗೌರವಕ್ಕೆ ಎಲ್ಲರೂ ಕರೆಯುವಂತೆ ಸಿ ಲಮ್ಜೆದ್, ಮಾತ್ರ ಏನನ್ನು ತೆರೆದರೂ ಹಾಗೆಯೇ ಬಿಟ್ಟು ಹೋಗುವ ಆಸಾಮಿ. ಪುಟಗಳು ಪ್ರೋಗ್ರಾಮಿನಿಂದ ಹೊರಗೆ, ಬೇರೆ ಕಡತಗಳಲ್ಲಿ ಇದ್ದಾಗ ಅವರು ಗುಟ್ಟಾಗಿ ಒಳಹೊಕ್ಕು ಮಿನುಗುವ ಅಕ್ಷರ, ಓಡುವ ಒಂಟೆ ಸೇರಿಸುತ್ತಿದ್ದರು. ಪುಟದ ಪ್ರತಿ ಭಾಗದ ಆದಿ-ಅಂತ್ಯಕ್ಕೆ ಹಾಕುವ ಗುರುತುಗಳಲ್ಲಿ, ಶುರುವಿನ ಟ್ಯಾಗ್ ಹಾಕಿ ಮುಗಿಸುವ ಟ್ಯಾಗನ್ನು ಮರೆಯುತ್ತಿದ್ದರು. ಉದಾರಿಯಾದ ಬ್ರೌಸರ್ ಎಲ್ಲವನ್ನೂ ಕ್ಷಮಿಸಿ ಸೊಟ್ಟಪಟ್ಟ ಪುಟವನ್ನೇ ತೋರಿಸಿಬಿಡುತ್ತಿತ್ತು. ಬೇಸತ್ತ ನಝೀಹಾ ಪುಟವನ್ನು ಟ್ಯಾಗುಗಳ ಸಮೇತ ಪ್ರೋಗ್ರಾಮಿನ ಸಾಲುಗಳ ನಡುವೆಯೇ ಬರೆಯತೊಡಗಿದಳು. ಅಲ್ಲಿ ಒಂದು ಟ್ಯಾಗ್ ಮುಚ್ಚದಿದ್ದರೂ ಪ್ರೋಗ್ರಾಮನ್ನು ಪರೀಕ್ಷಿಸುವ ಕಂಪೈಲರ್ ಮುಲಾಜಿಲ್ಲದೆ ತಿರಸ್ಕರಿಸುತ್ತದೆ.

"ಒಳಗೆ ತುಂಬೋ ಖರ್ಜೂರಾನ ಹಿಟ್ಟಲ್ಲೇ ಕಲಸಿಬಿಟ್ರೆ ಅದು ಮಕ್ರೂದ್ ಮಿಠಾಯಿ ಆಗುತ್ತಾ ಮಗಳೇ?" ಎಂದು ಸಿ ಲಮ್ಜೆದ್ ಸಿಡುಕಿದರು.

"ಹೊರಗಿಟ್ಟಾಗ ಯಾವ ನೊಣ ಬಂದು ಕೂರ್ತಿತ್ತು ಅಂತ ನಿಮಗೆ ಗೊತ್ತಲ್ಲ, ಸಿ ಲಮ್ಜೆದ್!"

"ಆಯ್ತು. ಶುಕ್ರವಾರ ಲೆಲ್ಲಾ ಬೇಯಾ ಬರ್ತಾರೆ. ಅವರ ಮಿಠಾಯಿ ಅಂಗಡಿ ಪುಟ ಅವರಿಗೆ ಹಿಡಿಸಿದ್ರೆ ನಿನ್ನ ದಾರಿ. ಮೂಗು ಮುರಿದ್ರೆ ಹಳೇ ದಾರಿ."

ಶುಕ್ರವಾರ ಬೆಳಿಗ್ಗೆ ಅವಳ ಕೀಲಿಮಣೆಯ ಮೇಲೆ ಮಕ್ರೂದಿನ ಪುಡಿ ಚೆಲ್ಲಿತ್ತು. ಪರದೆಯ ತುಂಬ ಕೆಂಪು ಅಕ್ಷರ. ಸಿ ಲಮ್ಜೆದ್ ಈದ್ ಹಬ್ಬಕ್ಕೆಂದು ಓಡುವ ಚಂದ್ರನೊಬ್ಬನನ್ನು ಪ್ರೋಗ್ರಾಮಿಗೆ ತುರುಕಿದ್ದರು. ಟ್ಯಾಗ್ ಮುಚ್ಚಿರಲಿಲ್ಲ. ಕಂಪೈಲರಿನ ಬೈಗುಳವನ್ನು ಹಬ್ಬದ ಅಲಂಕಾರವೆಂದು ತಿಳಿದು ಸಂತೋಷದಿಂದ ಎದ್ದುಹೋಗಿದ್ದರು. ತಿರಸ್ಕೃತವಾದದ್ದು ಹೊರಗೆ ಬರುವುದಿಲ್ಲ; ಜನರಿಗೆ ಕಾಣುವುದು ನಿನ್ನೆಯ ಸರಿಯಾದ ಪುಟವೇ. ನಝೀಹಾ ಪುಡಿ ಒರೆಸಿದಳು; ಚಂದ್ರನ ತಂಟೆಗೆ ಹೋಗಲಿಲ್ಲ.

ಲೆಲ್ಲಾ ಬೇಯಾ ಕೈಯಲ್ಲೊಂದು ಮಿಠಾಯಿ ಡಬ್ಬಿ ಹಿಡಿದೇ ಬಂದರು. ಸಿ ಲಮ್ಜೆದ್ ಮದುಮಗನ ಗತ್ತಿನಲ್ಲಿ ಪುಟ ತೆರೆದರು.

"ಮೇಲ್ಗಡೆ ನೋಡ್ತಾ ಇರಿ ಲೆಲ್ಲಾ, ಈಗ ಬರುತ್ತೆ!"

"ಏನು ಬರುತ್ತೆ?"

"ಈಗ... ಇನ್ನೊಂದು ಕ್ಷಣ..."

"ಏನೂ ಬರ್ತಿಲ್ಲ," ಎಂದರು ಲೆಲ್ಲಾ ಬೇಯಾ. "ಸದ್ಯ, ಬದುಕಿದೆ! ನನ್ನ ಅಳಿಯ ಮಾಡಿಸಿದ ಪುಟದಲ್ಲಿ ಚಂದ್ರ ಓಡಿ ಓಡಿ ನನಗೆ ತಲೆ ಸುತ್ತು ಬಂದಿತ್ತು. ಇಲ್ಲಿ ಬಕ್ಲಾವಾ ಬಕ್ಲಾವಾ ಥರಾನೇ ಕಾಣ್ತಿದೆ. ಇದೇ ಇರ್ಲಿ."

ಅವರು ಹೋದ ಮೇಲೆ ಸಿ ಲಮ್ಜೆದ್ ಪಿಸುಗುಟ್ಟಿದರು: "ನನ್ನ ಚಂದ್ರ ಎಲ್ಲಿ?"

"ಹುಟ್ಟಿಸಿದ್ರಿ, ಮುಳುಗಿಸೋದು ಮರೆತ್ರಿ. ಪಾಪ, ಕಂಪೈಲರ್ ಬಾಗಿಲಲ್ಲೇ ಕೂತಿದ್ದಾನೆ."

"ಅಲ್ಲೇ ಇರ್ಲಿ ಬಿಡು. ಪುಟಾನೂ ಪ್ರೋಗ್ರಾಮ್ ಒಳಗೇ ಇರ್ಲಿ."

ಮಾತು ಮರೆಸಲು ಅವರು ಲೆಲ್ಲಾ ಬೇಯಾ ಕೊಟ್ಟುಹೋದ ಡಬ್ಬಿ ತೆರೆದು ಬಕ್ಲಾವಾ ಒಂದನ್ನು ಬಾಯಿಗೆ ಹಾಕಿಕೊಂಡು ಹೊರಟರು. ಮುಚ್ಚಳದತ್ತ ಚಾಚಿದ ಕೈಯನ್ನು ನಝೀಹಾ ಅಪರೂಪಕ್ಕೆ ಹಿಂದೆಗೆದು, ಸುಮ್ಮನೆ ಕೆಮ್ಮಿದಳು. ಸಿ ಲಮ್ಜೆದ್ ಬಾಗಿಲಿನಿಂದ ಹಿಂತಿರುಗಿ ಬಂದು, ಡಬ್ಬಿಯನ್ನು ಟಪ್ಪೆಂದು ಮುಚ್ಚಿದರು.